ಆರು ಮಳೆಗಾಲ ಕಂಡ ಟೆಂಟು

2019ರ ನವೆಂಬರ್‌ನಲ್ಲಿ ತಗೊಂಡ ಟೆಂಟು ಇದು. ಮೂರು ಜನರದ್ದು, ಗುಮ್ಮಟದ ಆಕಾರ. ಎರಡು ಫೈಬರ್ ಕಡ್ಡಿ, ಒಳಗೆ ಸೊಳ್ಳೆಪರದೆಯಂಥ ಗೂಡು, ಮೇಲೊಂದು ಹೊದಿಕೆ. ತೂಕ ಮೂರು ಕಿಲೋ ಚಿಲ್ಲರೆ. ಕಂಪನಿ ಹೆಸರು ಬರೆಯುವುದಿಲ್ಲ. ಈ ಬೆಲೆಗೆ ಸಿಗುವ ಟೆಂಟುಗಳ ಹಣೆಬರಹ ಹೆಚ್ಚುಕಮ್ಮಿ ಒಂದೇ. ತಂದ ವಾರದಲ್ಲೇ ಐದು ಸ್ಟಾರ್ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನಾನು ಇದರಲ್ಲಿ ಅರವತ್ತು ರಾತ್ರಿಯಾದರೂ ಮಲಗಿದ್ದೇನೆ, ಹೆಚ್ಚಿನವು ಶಿರಸಿ, ಯಲ್ಲಾಪುರ, ಕುಮಟಾ ಸುತ್ತಮುತ್ತ, ಜೊತೆಗೆ ಗೇರ್ ಸೈಕಲ್ಲು.

ಮೊದಲು ಸೈಕಲ್ ವಿಷಯ. ಮಡಚಿದ ಕಡ್ಡಿ ಒಂದು ಮೊಳಕ್ಕಿಂತ ಉದ್ದ. ಹ್ಯಾಂಡಲ್‌ಗೆ ಕಟ್ಟಿದರೆ ಗೇರ್ ವೈರು ಎಳೆದುಕೊಳ್ಳುತ್ತದೆ. ಕಡ್ಡಿಗಳನ್ನು ಬೇರೆ ಮಾಡಿ ಫ್ರೇಮಿನ ಮೇಲಿನ ಪೈಪಿಗೆ ಹಳೆ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಬಟ್ಟೆ ಹಿಂದಿನ ಕ್ಯಾರಿಯರ್ ಮೇಲೆ. ದೇವಿಮನೆ ಘಾಟಿ ಹತ್ತುವಾಗ ಮೂರು ಕಿಲೋ ಅಂದರೆ ಮೂವತ್ತು ಅನ್ನಿಸುತ್ತದೆ, ಅದು ಬಿಡಿ.

ಡಬ್ಬದ ಮೇಲೆ ಹೊದಿಕೆಗೆ 2000 ಮಿ.ಮೀ. ಅಂತ ಬರೆದಿತ್ತು. ನಮ್ಮ ಭಾವ ನೋಡಿ ನಕ್ಕ: "ಶಿರಸಿಯಲ್ಲೇ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಬೀಳ್ತದೆ. ಆಗಸ್ಟಿನಲ್ಲಿ ಸೋರೋದೇ ಸೈ." ಅದು ಮಳೆಯ ಲೆಕ್ಕ ಅಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಜಿನುಗುವುದಿಲ್ಲ ಅಂತ ಅರ್ಥ. ನಿಜಕ್ಕೂ ಮೊದಲ ಮೂರು ವರ್ಷ ಮಳೆಗೆ ಒಂದು ಹನಿ ಸೋರಲಿಲ್ಲ. ಒಮ್ಮೆ ಜುಲೈಯಲ್ಲಿ ಗೆಳೆಯನ ಅಡಕೆ ತೋಟದ ಪಕ್ಕ ರಾತ್ರಿಯಿಡೀ ಹೊಡೆದ ಮಳೆಯಲ್ಲೂ ಒಣಗಿದ ಚಾದರದಲ್ಲೇ ಎದ್ದೆ. ಆದರೆ ಹೊದಿಕೆಗೂ ಒಳಗೂಡಿಗೂ ನಡುವಿನ ಜಾಗದಲ್ಲಿ ರಕ್ತ ಹೀರುವ ಉಂಬಳಗಳ ಸಂತೆ ನೆರೆದಿತ್ತು. ಬೆಳಿಗ್ಗೆ ಜಿಪ್ ತೆಗೆಯುವ ಮೊದಲು ಉಪ್ಪಿನ ಪೊಟ್ಟಣ ಕೈಯಲ್ಲಿರಲಿ.

ಟೆಂಟನ್ನು ಹಾಳು ಮಾಡಿದ್ದು ಮಳೆ ಅಲ್ಲ, ನಮ್ಮ ಮನೆಯ ಅಟ್ಟ. 2022ರ ಮಳೆಗಾಲದಲ್ಲಿ ಅರೆ ಒಣಗಿದ್ದನ್ನೇ ಸುತ್ತಿ, ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದೆ. ಅಕ್ಟೋಬರ್‌ನಲ್ಲಿ ಬಿಚ್ಚಿದರೆ ಹುಳಿ ವಾಸನೆ. ಹೊದಿಕೆಯ ಒಳಮೈ ಹಲಸಿನ ಮೇಣದ ಹಾಗೆ ಅಂಟಂಟು. ಹೊಲಿಗೆ ಮೇಲಿನ ಪಾರದರ್ಶಕ ಪಟ್ಟಿ ಹಾವಿನ ಪೊರೆಯಂತೆ ಎದ್ದು ಬರುತ್ತಿತ್ತು. ಬಟ್ಟೆಗೆ ನೀರು ತಡೆಯಲು ಹಚ್ಚುವುದು ಪಾಲಿಯುರೆಥೇನ್ ಲೇಪ. ಸೆಕೆ ಮತ್ತು ತೇವ ಎರಡೂ ಸೇರಿದರೆ ಅದು ತಾನಾಗಿಯೇ ಒಡೆದು ಕರಗತೊಡಗುತ್ತದೆ. ಉಪಯೋಗಿಸದೆ ಇಟ್ಟರೂ ಅಷ್ಟೇ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮೂರಿನಲ್ಲಿ ಈ ಮಾತನ್ನು ಅಂಗಡಿಯವರು ಮೊದಲೇ ಹೇಳಬೇಕಿತ್ತು. ನಾನು ಕೇಳಿದಾಗ ಅವರಿಂದ ಬಂದ ಉತ್ತರ: "ವಾರಂಟಿ ಹೊಲಿಗೆಗೆ ಸರ್, ಅಂಟಿಗೆ ಅಲ್ಲ."

ಎದ್ದ ಪಟ್ಟಿಯನ್ನೆಲ್ಲ ಕಿತ್ತು, ಹೊಲಿಗೆಗಳಿಗೆ ಸೀಲರ್ ಬಳಿದು, ಎರಡು ದಿನ ಒಣಗಿಸಿದೆ. ಈಗ ಸಣ್ಣ ಮಳೆ ತಡೆಯುತ್ತದೆ, ಜಡಿಮಳೆ ತಡೆಯುವುದಿಲ್ಲ. ಅಂದಿನಿಂದ ಮಳೆಗಾಲದಲ್ಲಿ ಅದು ಚೀಲದಲ್ಲಿ ಇರುವುದಿಲ್ಲ. ಬಚ್ಚಲ ಒಲೆಯ ಆಚೆ ಗೋಡೆಗೆ, ಬಟ್ಟೆ ಒಣಗಿಸುವ ಬಿದಿರಿನ ಗಳದ ಮೇಲೆ ಸಡಿಲವಾಗಿ ನೇತಾಡುತ್ತಿರುತ್ತದೆ. ಆಯಿ ಗೊಣಗುತ್ತಾಳೆ, "ಎಮ್ಮೆ ಚರ್ಮ ನೇತು ಹಾಕಿದ ಹಾಗೆ ಕಾಣ್ತು" ಅಂತ.

ಚಳಿಗಾಲಕ್ಕೆ ಬೇರೆಯೇ ತಕರಾರು. ಯಲ್ಲಾಪುರದಿಂದ ಕವಡಿಕೆರೆ, ಮಾಗೋಡು ಜಲಪಾತ, ಜೇನುಕಲ್ಲು ಗುಡ್ಡ ಅಂತ ಸೈಕಲ್ ಹೊಡೆಯುವುದು ನನಗೆ ತುಂಬ ಇಷ್ಟ. ಮೊದಲ ಸಲ ಕೆರೆಯ ದಂಡೆಗೆ ಹತ್ತಿರವೇ ಇರೋಣ ಅಂತ ತಗ್ಗಿನಲ್ಲಿ ಟೆಂಟ್ ಹಾಕಿದ್ದೆ. ಬೆಳಿಗ್ಗೆ ಹೊದಿಕೆಯ ಒಳಗಿನಿಂದ ಟಪ್ ಟಪ್ ಅಂತ ನೀರು. ಸೋರಿದ್ದಲ್ಲ, ಇಬ್ಬರ ಉಸಿರು ತಣ್ಣನೆ ಬಟ್ಟೆಗೆ ತಾಗಿ ಹನಿಯಾದದ್ದು. ನೀರಿನ ಪಕ್ಕದ ತಗ್ಗಿನಲ್ಲಿ ಇಬ್ಬನಿ ಜಾಸ್ತಿ. ಮೇಲಿನ ಗಾಳಿಕಿಂಡಿ ತೆರೆದಿಟ್ಟು, ಐವತ್ತು ಹೆಜ್ಜೆ ಎತ್ತರಕ್ಕೆ ಹೋದರೆ ಅರ್ಧ ಸಮಸ್ಯೆ ಮುಗಿಯಿತು. ಆಮೇಲಿನ ಸಲಗಳಲ್ಲಿ ಹತ್ತಿರದ ಒಂದು ಮನೆಯ ಅಂಗಳ ಕೇಳಿಕೊಂಡೆ. ಆ ಮನೆಯ ಅಜ್ಜಿಗೆ ಇನ್ನೂ ಸಮಾಧಾನ ಇಲ್ಲ: "ಇಷ್ಟ್ ದೊಡ್ಡ ಮನೆ ಇದ್ದು ತಮಾ, ಅಂಗಳದಲ್ಲಿ ಮಲಗದು ಎಂತಕ್ಕೆ?"

ಕಾಡಿನೊಳಗೆ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಡೆಯಂತೂ ಕೇಳಲೇಬೇಡಿ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆ ಎಷ್ಟೇ ಚೆಂದ ಕಂಡರೂ ಅಲ್ಲಿ ಮೊಸಳೆಗಳಿವೆ. ಇನ್ನೊಂದು, ಟೆಂಟಿನವರು ಯಾರೂ ಹೇಳದ್ದು: ನಮ್ಮ ಕ್ಯಾಂಪಿಂಗ್ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ, ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ರೋಗ, ಹರಡುವುದು ಉಣುಗು, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ. ಸಿದ್ದಾಪುರ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಟೆಂಟಿನ ಪರದೆ ಉಣುಗು ತಡೆಯುತ್ತದೆ. ಆದರೆ ಸಂಜೆ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂತು ಹರಟೆ ಹೊಡೆದು, ಅದೇ ಪ್ಯಾಂಟಿನಲ್ಲಿ ಒಳಗೆ ಹೋದರೆ ಪರದೆ ಏನು ಮಾಡೀತು? ಕೈಕಾಲಿಗೆ ಉಣುಗು ದೂರ ಇಡುವ ಡೆಪಾ ಎಣ್ಣೆ ಹಚ್ಚಿ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಗೂಟಗಳು ಶುದ್ಧ ಮೋಸ. ಚಿರೆಕಲ್ಲಿನ ನೆಲಕ್ಕೆ ಒಂದೇ ಏಟು, ಬಾಗಿ ಕೊಕ್ಕೆಯಾಯಿತು. ಗೋಕರ್ಣದ ಮರಳಿನಲ್ಲಿ ಉಲ್ಟಾ, ಊದಿದರೆ ಕಿತ್ತು ಬರುತ್ತದೆ. ಈಗ ಅಡಕೆ ಮರದ ದಬ್ಬೆಯನ್ನು ಒಂದೂವರೆ ಗೇಣು ಸೀಳಿ, ತುದಿ ಚೂಪು ಮಾಡಿ ಒಯ್ಯುತ್ತೇನೆ. ಮರಳಿಗಾದರೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳುವುದು. ಖರ್ಚು ಸೊನ್ನೆ. ಕಡಲತೀರದ ಉಪ್ಪಿಗೆ ಜಿಪ್ಪಿನ ತಲೆ ಕಚ್ಚಿಕೊಳ್ಳುತ್ತದೆ, ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡುವ ದಂಡೆಗಳಲ್ಲಿ ನಾನು ಟೆಂಟೂ ಹಾಕುವುದಿಲ್ಲ, ಟಾರ್ಚೂ ಬಿಡುವುದಿಲ್ಲ.

ತಂಗಿಯ ಸಂಸಾರದ ಜೊತೆ ಒಮ್ಮೆ ಬಾಡಿಗೆ ಕ್ಯಾರವಾನ್ ತಗೊಂಡು ಮಾಜಾಳಿಗೆ ಹೋಗಿದ್ದೂ ಇದೆ. ಮಕ್ಕಳಿಗೆ ಹಬ್ಬ. ನೀರಿನ ಟ್ಯಾಂಕ್ ತುಂಬಿದೆ ಅಂದಿದ್ದರು, ತಲುಪಿದಾಗ ತಳ ಕಾಣುತ್ತಿತ್ತು. ಪ್ಲಗ್ ಸಿಗದ ಕಡೆ ಫ್ರಿಜ್ ಸುಮ್ನೆ ಕಪಾಟು. ವಾಪಸ್ ಬರುವಾಗ ಗೆಳೆಯನ ತೋಟದ ದಾರಿಗೆ ತಿರುಗಿಸಿದೆವು. ಹಲಸಿನ ಕೊಂಬೆ ಅಡ್ಡ ಬಂತು, ಅರ್ಧ ಕಿಲೋಮೀಟರ್ ರಿವರ್ಸ್. ಹೆದ್ದಾರಿ ಬಿಟ್ಟು ಇಳಿಯದವರಿಗೆ ಅದು ಸರಿ.

ಟೆಂಟಿಗೆ ಮರಳಿ. ನಾಲ್ಕನೇ ವರ್ಷಕ್ಕೆ ಕಡ್ಡಿಯೊಳಗಿನ ಎಲಾಸ್ಟಿಕ್ ಸೋತಿತು, ಒಂದು ಕಡ್ಡಿ ಕೀಲಿನ ಹತ್ತಿರ ಸೀಳಿತು. ಜೊತೆಗೆ ಕೊಟ್ಟಿದ್ದ ಲೋಹದ ನಳಿಗೆ ತೊಡಿಸಿದೆ, ಈಗಲೂ ನಿಂತಿದೆ. ಕಳೆದ ವರ್ಷ ಸುಗ್ಗಿಯಲ್ಲಿ ಗೆಳೆಯನ ಅಂಗಳದಲ್ಲಿ ಅಡಕೆ ಬೇಯಿಸುವ ಒಲೆಗೆ ತೀರ ಹತ್ತಿರ ಮಲಗಿದ್ದೆ. ಒಂದು ಕಿಡಿ ಹಾರಿ ಹೊದಿಕೆಯಲ್ಲಿ ನಾಲ್ಕಾಣೆಯಷ್ಟು ತೂತು, ಅಂಚು ಕರಗಿ ಗಟ್ಟಿ. ಶಿರಸಿ ಪೇಟೆಯ ಕೊಡೆ ರಿಪೇರಿಯವರ ಬಳಿ ಒಯ್ದೆ. ಅವರು ಬೆರಳಿನಲ್ಲಿ ಬಟ್ಟೆ ತಿಕ್ಕಿ ನೋಡಿ, "ಇದು ಕೊಡೆಯೇ ಅಲ್ವಾ, ಹಿಡಿ ಇಲ್ಲ ಅಷ್ಟೆ" ಅಂದರು. ಹಳೆ ಕಪ್ಪು ಕೊಡೆಯ ಒಂದು ತುಂಡು ಕತ್ತರಿಸಿ, ಒಳಗೊಂದು ಹೊರಗೊಂದು ತೇಪೆ ಇಟ್ಟು, ಎರಡು ಸುತ್ತು ಹೊಲಿದರು. ಮೂವತ್ತು ರೂಪಾಯಿ. ಇಡೀ ಟೆಂಟಿನಲ್ಲಿ ಈಗ ಸೋರದ ಜಾಗ ಅಂದರೆ ಅದೊಂದೇ.

ಮೂರು ಸ್ಟಾರ್ ಕೊಡುತ್ತೇನೆ. ಹೊದಿಕೆ ಒಂದನ್ನೇ ಬೇರೆಯಾಗಿ ಮಾರಿದ್ದರೆ ನಾಲ್ಕು ಕೊಡುತ್ತಿದ್ದೆ. ಒಳಗೂಡು, ನೆಲ ಎರಡೂ ಇನ್ನೂ ಗಟ್ಟಿಯಿವೆ. ಮೇ ಕೊನೆಗೆ ಕೊಡೆ ರಿಪೇರಿಯವರ ಬಳಿ ಪೂರ್ತಿ ಹೊದಿಕೆ ಹೊಲಿಸಲು ಆಗುತ್ತದಾ ಅಂತ ಕೇಳಬೇಕು. ಎಷ್ಟು ಕೊಡೆ ಬೇಕಾದೀತು ಅಂತ ಅಂದಾಜು ಹಾಕುತ್ತಿದ್ದೇನೆ.