ಬಣ್ಣದ ಕೆಳಗೆ ಕೊಳೆತ ತೊಲೆ: ಫೈಬರ್ ದೋಣಿ ರಿಪೇರಿಗೆ ಕೊಡುವವರು ಓದಿ

ಹಳೆಯ ಫೈಬರ್ ದೋಣಿ ಇಟ್ಟುಕೊಂಡವರು, ಅದನ್ನು ಬಾಗಲಕೋಟೆ ಕಡೆ ರಿಪೇರಿಗೆ ಕೊಡಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 58 ಸಾವಿರ ರೂಪಾಯಿ ಹೋಯಿತು. ದುಡ್ಡಿನ ಮಾತು ಆಮೇಲೆ. ಆ ದಿನ ದೋಣಿಯಲ್ಲಿ ನನ್ನ ಸೊಸೆ ಇದ್ದಳು, ಈರುಳ್ಳಿ ಕೀಳಲು ಹೊರಟಿದ್ದ ಐದು ಜನ ಹೆಣ್ಣುಮಕ್ಕಳು ಇದ್ದರು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಹಿನ್ನೀರಿನ ಊರಿನವರಿಗೆ ನಮ್ಮ ಪಾಡು ಗೊತ್ತು. ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿ ನಿಂತಿತೆಂದರೆ ನಮ್ಮ ಹೊಲದ ದಾರಿ ನೀರಿನಡಿ. ಮೊದಲು ಹರಿಗೋಲು ಇತ್ತು. ಎಂಟು ವರ್ಷಗಳ ಹಿಂದೆ ಕಾರವಾರದ ಕಡೆಯಿಂದ 18 ಅಡಿಯ ಹಳೆಯ ಫೈಬರ್ ದೋಣಿ ತಂದೆ, ಸಣ್ಣ ಮೋಟಾರು ಹಾಕಿಸಿದೆ. ಚೆನ್ನಾಗಿಯೇ ದುಡಿಯಿತು. ಹೋದ ಹಂಗಾಮಿನಲ್ಲಿ ಒಳಗಿನ ನೆಲ ಕಾಲಿಟ್ಟಲ್ಲೆಲ್ಲ ತಗ್ಗತೊಡಗಿತು, ಗಾದಿಯ ಮೇಲೆ ನಿಂತ ಹಾಗೆ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಅದರ ಹೊಟ್ಟೆಯಲ್ಲಿರುವ ಕಟ್ಟಿಗೆ ಕೊಳೆಯುತ್ತದೆ. ಮೂತಿಯಿಂದ ಹಿಂಬದಿಯವರೆಗೆ ತಳದ ಉದ್ದಕ್ಕೂ ಹೋಗುವ ತೊಲೆಗಳಿರುತ್ತವೆ, ಕೆಲಸದವರು ಸ್ಟ್ರಿಂಗರ್ ಎನ್ನುತ್ತಾರೆ. ಮೋಟಾರು ಕಟ್ಟುವ ಹಿಂಬದಿಯ ಹಲಗೆಯ ಒಳಗೂ ಪ್ಲೈವುಡ್ ಇರುತ್ತದೆ. ಸ್ಕ್ರೂ, ಬೋಲ್ಟ್ ಹೊಡೆದ ತೂತುಗಳಿಂದ ನೀರು ಒಳಗೆ ಸೇರಿ ವರ್ಷಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಆ ಎಲುಬು ಹೋದರೆ ಉಳಿಯುವುದು ಬರೀ ಚರ್ಮ.

ಇದೆಲ್ಲ ತಿಳಿದೇ ಕೊಟ್ಟಿದ್ದೆ. ತಿಳಿದೂ ಮೋಸ ಹೋದೆನಲ್ಲ ಎಂಬುದೇ ನನ್ನನ್ನು ಸುಡುತ್ತಿರುವುದು.

ನೀರು ಇಳಿದ ಮೇಲೆ, ಯುಗಾದಿ ಮುಗಿಸಿ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹೇರಿಕೊಂಡು ಒಂದು ಫೈಬರ್ ಶೆಡ್ಡಿಗೆ ಹೋದೆ. ಹೆಸರು ಇಲ್ಲಿ ಬರೆಯುವುದಿಲ್ಲ. ನೀರಿನ ಟಾಕಿ, ಬಾಗಿಲು, ಕಾರಿನ ಬಂಪರ್ ಮಾಡುವ ಜಾಗ. ಮಾಲೀಕ ನನ್ನ ಮಗನ ವಯಸ್ಸಿನವನು. ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿ, "ಕಾಕಾ, ಒಳಗಿನ ತೊಲೆ ನಾಲ್ಕೂ ಹೋಗಿವೆ, ಹಿಂದಿನ ಹಲಗೆಯೂ ಹೋಗಿದೆ. ಎಲ್ಲ ಕಿತ್ತು ಹೊಸದಾಗಿ ಮಾಡೋಣ. ಮರೀನ್ ಪ್ಲೈವುಡ್ಡೇ ಹಾಕುತ್ತೇನೆ, ಐಎಸ್ 710" ಎಂದ. ನೀರಿಗೆ ತಾಳುವ ಪ್ಲೈವುಡ್ಡಿನ ಗುಣಮಟ್ಟದ ಸಂಖ್ಯೆ ಅದು. 58 ಸಾವಿರಕ್ಕೆ ಮಾತಾಯಿತು. 35 ಸಾವಿರ ಫೋನ್‌ನಲ್ಲೇ ಕಳಿಸಿದೆ. ಕಾಗದ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ 'ದೋಣಿ ರಿಪೇರಿ' ಎಂದು ಬರೆದು ಕೊಟ್ಟ. ಎರಡೇ ಪದ. ತೊಲೆ ಎಂದಿಲ್ಲ, ಪ್ಲೈವುಡ್ ಎಂದಿಲ್ಲ. ನಾನು ಮಡಿಚಿ ಜೇಬಿನಲ್ಲಿಟ್ಟುಕೊಂಡೆ.

ಎರಡು ಸಲ ನೋಡಲು ಹೋದೆ. ಎರಡು ಸಲವೂ ಬಾಗಿಲಲ್ಲೇ ತಡೆದರು. "ಗ್ರೈಂಡರ್ ನಡೆದಿದೆ ಕಾಕಾ, ಗಾಜಿನ ಧೂಳು ಮೈಗೆ ಹತ್ತಿದರೆ ಎರಡು ದಿನ ತುರಿಕೆ. ಫೋಟೋ ಕಳಿಸುತ್ತೇನೆ ಬಿಡಿ." ಫೋಟೋ ಬಂತು. ನಾಲ್ಕು ಹೊಸ ತೊಲೆಗಳು ಸಾಲಾಗಿ ಕೂತಿದ್ದವು, ಪಕ್ಕದಲ್ಲಿ ಮುದ್ರೆ ಹೊಡೆದ ಪ್ಲೈವುಡ್ ಹಾಳೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಅದನ್ನು ಹತ್ತು ಜನರಿಗೆ ತೋರಿಸಿದೆ. ಇಬ್ಬರು ತಮ್ಮ ದೋಣಿಯನ್ನೂ ಅಲ್ಲಿಗೇ ಕೊಡುತ್ತೇವೆ ಎಂದರು.

ಜೂನ್‌ನಲ್ಲಿ ದೋಣಿ ಬಂತು. ಹೊರಗೆ ನೀಲಿ, ಒಳಗೆ ಬೂದಿ ಬಣ್ಣ, ಕನ್ನಡಿಯಂಥ ಹೊಳಪು. ಉಳಿದ 23 ಸಾವಿರ ಅಲ್ಲಿಯೇ ಎಣಿಸಿ ಕೊಟ್ಟೆ.

ಈರುಳ್ಳಿ ಕೀಳುವ ಹೊತ್ತಿಗೆ ಅದರ ಬಣ್ಣ ಬಯಲಾಯಿತು. ನಡುನೀರಿನಲ್ಲಿ ಮೋಟಾರಿನ ಸದ್ದು ಬದಲಾಯಿತೆಂದು ತಿರುಗಿ ನೋಡಿದರೆ, ಮೋಟಾರು ಹಿಂದಕ್ಕೆ ವಾಲಿದೆ. ಹಲಗೆಯೇ ಬಾಗುತ್ತಿದೆ! ಬೋಲ್ಟಿನ ತೂತುಗಳಿಂದ ನೀರು ಒಳಗೆ ಬರುತ್ತಿದೆ. ಮೋಟಾರು ನಿಲ್ಲಿಸಿ ಹುಟ್ಟು ಹಾಕಿದೆ. ಹೆಣ್ಣುಮಕ್ಕಳು ಬುತ್ತಿಯ ಗಂಟು ಬಿಚ್ಚಿ, ಡಬ್ಬಿಗಳಿಂದ ನೀರು ಎತ್ತಿ ಹಾಕಿದರು. ಒಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ದಂಡೆ ಮುಟ್ಟಿದ ಮೇಲೂ ಯಾರೂ ಮಾತಾಡಲಿಲ್ಲ.

ಮರುದಿನ ನಾನೂ ಮಗನೂ ಸೇರಿ ನೆಲ ಕೊಯ್ದೆವು. ಹೊಸ ಮ್ಯಾಟಿನ, ಅಂದರೆ ಗಾಜಿನ ನಾರಿನ ಹಾಸಿನ, ಅಂಚಿಗೆ ಉಳಿ ಹಾಕಿ ಎತ್ತಿದರೆ ಕಬ್ಬಿನ ರವದಿ ಸುಲಿದ ಹಾಗೆ ಉದ್ದಕ್ಕೆ ಕಿತ್ತು ಬಂತು. ಒಂದೇ ಪದರ. ಅದರ ಕೆಳಗೆ ಹಳೆಯ ಬಣ್ಣ ಹಾಗೆಯೇ ಇತ್ತು, ಉಜ್ಜಿಯೇ ಇಲ್ಲ. ಹಳೆಯ ಬಣ್ಣವನ್ನು ಗ್ರೈಂಡರ್‌ನಿಂದ ಕೆರೆದು ಗಾಜಿನ ಪದರ ಕಾಣುವವರೆಗೆ ಹೋಗದಿದ್ದರೆ ಮ್ಯಾಟಿಗೆ ಹಚ್ಚುವ ಅಂಟು, ರೆಸಿನ್, ಕಚ್ಚುವುದಿಲ್ಲ, ಈ ಕೆಲಸದ ಮೊದಲ ಪಾಠವೇ ಅದು. ಬಾಗಿಲಲ್ಲಿ ನನ್ನನ್ನು ತಡೆದದ್ದು ಗ್ರೈಂಡರ್ ಹೆಸರು ಹೇಳಿ! ಬಣ್ಣದ ಕೆಳಗೆ ಹಳೆಯ ತೊಲೆ, ಅದೇ ಹಳೆಯ ತೊಲೆ. ಬೆರಳು ಚುಚ್ಚಿದರೆ ನೆನೆದ ಹಿಂಡಿಯ ಹಾಗೆ ಒಳಗೆ ಹೋಯಿತು. ಕಪ್ಪು ನೀರು ಜಿನುಗಿತು. ನಾಲ್ಕರಲ್ಲಿ ಒಂದನ್ನೂ ಬದಲಾಯಿಸಿರಲಿಲ್ಲ. ಒಂದನ್ನೂ!

ಆಗ ಮೊಬೈಲ್ ತೆಗೆದು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಫೋಟೋದಲ್ಲಿದ್ದ ದೋಣಿಯ ಒಳಮೈ ಹಸಿರು. ನನ್ನ ದೋಣಿ ಬೂದಿ ಬಣ್ಣ ಹಚ್ಚುವ ಮೊದಲು ಒಳಗೆ ಬಿಳಿ. ಬೇರೆ ಯಾರದೋ ದೋಣಿ! ತಿಂಗಳುಗಟ್ಟಲೆ ಆ ಫೋಟೋ ನನ್ನ ಜೇಬಿನಲ್ಲೇ ಇತ್ತು, ಹತ್ತು ಜನರಿಗೆ ತೋರಿಸಿದ್ದೆ, ಹಸಿರು ಬಣ್ಣ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಗ ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

ಹಿಂಬದಿಯ ಹಲಗೆಗೆ ಮಾತ್ರ ಹೊಸ ಪ್ಲೈವುಡ್ ಹಾಕಿದ್ದ. ಅದರಲ್ಲಿ ಒಣಗಿದ್ದ ಒಂದು ತುಂಡು ಕೊಯ್ದು ಹಂಡೆಯ ನೀರಿನಲ್ಲಿ ಕುದಿಸಿದೆ. ಐಎಸ್ 710 ಗುಣಮಟ್ಟದ ಪ್ಲೈವುಡ್ಡಿನ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು. ಇದು ಮೂರು ಗಂಟೆಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಮನೆಯ ಕಪಾಟಿಗೆ ಹಾಕುವ ಮಾಲು. ಅದರ ಮೇಲೆ ಮೋಟಾರು ಕಟ್ಟಿ ಆರು ಜನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೇನೆ.

ಫೋನ್ ಮಾಡಿದೆ. ಉತ್ತರಗಳನ್ನು ಅವನು ಹೇಳಿದಂತೆಯೇ ಬರೆಯುತ್ತೇನೆ.

"ಹಳೆಯ ದೋಣಿ ಕಾಕಾ, ಹಳೆಯದು ಹಳೆಯದೇ."

"ನೀವು ಭಾರ ಹೆಚ್ಚು ಹೇರಿರಬೇಕು."

ತೊಲೆ ಎಲ್ಲಿ ತಮ್ಮಾ ಎಂದು ಕೇಳಿದೆ. "ತೊಲೆ ಬದಲಾಯಿಸುತ್ತೇನೆ ಎಂದು ಎಲ್ಲಿ ಬರೆದುಕೊಟ್ಟಿದ್ದೇನೆ? ಚೀಟಿ ನೋಡಿ."

ಫೋಟೋ ಬಗ್ಗೆ ಕೇಳಿದೆ. "ಅದು ಸ್ಯಾಂಪಲ್ ಕಳಿಸಿದ್ದು. ನಿಮ್ಮದೇ ಎಂದು ಹೇಳಿದ್ದೇನೆಯೇ?"

ಶೆಡ್ಡಿಗೇ ಹೋದೆ. ನಾಲ್ಕು ಜನರ ಮುಂದೆ, "ಇಷ್ಟು ಸಿಟ್ಟು ಒಳ್ಳೆಯದಲ್ಲ ಕಾಕಾ, ಬಿಪಿ ಏರುತ್ತದೆ. ಇನ್ನೊಂದು 30 ಸಾವಿರ ಕೊಡಿ, ಈ ಸಲ ನಿಜವಾಗಿಯೂ ಮಾಡಿಕೊಡುತ್ತೇನೆ" ಎಂದ. ಈ ಸಲ ನಿಜವಾಗಿಯೂ! ಅವನ ಬಾಯಿಂದಲೇ ಬಂದ ಮಾತು.

ನೀವು ಕೊಡುವುದಾದರೆ ಪ್ರತಿ ತೊಲೆಯ ಲೆಕ್ಕ, ಪ್ಲೈವುಡ್ಡಿನ ಗುರುತು, ಎಷ್ಟು ಪದರ ಮ್ಯಾಟ್ ಎಂಬುದನ್ನೆಲ್ಲ ಬರೆಸಿಕೊಳ್ಳಿ, ಬಿಲ್ ತೆಗೆದುಕೊಳ್ಳಿ. ಹಳೆಯ ಕಟ್ಟಿಗೆಯನ್ನು ಚೀಲದಲ್ಲಿ ತುಂಬಿಸಿ ಮನೆಗೆ ತನ್ನಿ, ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಒಂದು ತೊಲೆ ಕಿತ್ತು, ಅದರ ಜಾಗಕ್ಕೆ ಹೊಸದು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು, ದೋಣಿಯ ತಳಕ್ಕೆ ಉದ್ದಕ್ಕೂ ಆನಿಕೆ ಇರಬೇಕು. ನನ್ನದನ್ನು ನೆಲ ಕಿತ್ತು ಎರಡು ಟೈರುಗಳ ಮೇಲೆ ವಾರಗಟ್ಟಲೆ ಇಟ್ಟಿದ್ದರಂತೆ, ಈಗ ತಳಕ್ಕೆ ಪಟ್ಟಿ ಹಿಡಿದರೆ ನಡುವೆ ಒಂದು ಬೆರಳು ಬಾಗಿರುವುದು ಕಾಣುತ್ತದೆ. ಬಣ್ಣ ಹಚ್ಚುವ ಮೊದಲು ಹೋಗಿ ನೋಡಿ. ಬಾಗಿಲಲ್ಲಿ ತಡೆದರೆ ದೋಣಿ ವಾಪಸ್ ಹೇರಿಕೊಂಡು ಬನ್ನಿ. ತುರಿಕೆಯಾದರೆ ಆಗಲಿ!

ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸುತ್ತಿದ್ದೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಕೈಯಲ್ಲಿರುವುದು ಫೋನ್‌ನಲ್ಲಿ ಕಳಿಸಿದ 35 ಸಾವಿರದ ದಾಖಲೆ, ಆ ಎರಡು ಪದಗಳ ಚೀಟಿ, ಹಸಿರು ದೋಣಿಯ ಫೋಟೋ. ಎಣಿಸಿ ಕೊಟ್ಟ 23 ಸಾವಿರಕ್ಕೆ ಗುರುತೇ ಇಲ್ಲ.

ಕಟ್ಟೆಯ ಮೇಲೆ ನನ್ನ ಮಾತು ಕೇಳಿ ಅಲ್ಲಿಗೆ ಕೊಡುತ್ತೇವೆ ಎಂದಿದ್ದ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬರು ಇನ್ನೂ ಕೊಟ್ಟಿರಲಿಲ್ಲ. ಇನ್ನೊಬ್ಬರ ದೋಣಿ ಆ ಶೆಡ್ಡಿನಲ್ಲಿದೆ, ಅದರ ಪಕ್ಕದಲ್ಲಿ ಕೆಂಪು ಬಣ್ಣದ ಮತ್ತೊಂದು ದೋಣಿಯೂ ನಿಂತಿದೆ. ಅದು ಯಾರದೆಂದು ನನಗೆ ತಿಳಿಯಲಿಲ್ಲ. ನಿಮ್ಮದಾಗಿದ್ದರೆ ಇವತ್ತೇ ಒಂದು ಸುತ್ತಿಗೆ ಹಿಡಿದುಕೊಂಡು ಹೋಗಿ.