ಓವನ್ ಸ್ಟೇಕಿಗೆ ತಂತಿಯ ಥರ್ಮಾಮೀಟರ್: ಕಡ್ಡಿಗೆ ಪೂರ್ಣ ಅಂಕ, ತಂತಿಗೆ ಸೊನ್ನೆ

ಓವನ್ನಿನ ಬಾಗಿಲು ತೆರೆಯದೆ ಒಳಗಿನ ಮಾಂಸ ಎಷ್ಟು ಬೆಂದಿದೆ ಎಂದು ತಿಳಿಯಬೇಕಿತ್ತು. ಈ ಥರ್ಮಾಮೀಟರ್ ಕೊಂಡದ್ದು ಅದೊಂದಕ್ಕೇ. ಮಾಂಸಕ್ಕೆ ಚುಚ್ಚುವ ಕಡ್ಡಿ, ಅದಕ್ಕೆ ಅಂಟಿದ ಹೆಣೆದ ಉಕ್ಕಿನ ತಂತಿ, ಹೊರಗೆ ಅಂಕಿ ತೋರಿಸುವ ಪೆಟ್ಟಿಗೆ. ಉಳಿದ ವಿವರಗಳು ಡಬ್ಬಿಯ ಮೇಲೆಯೇ ಇವೆ.

ನಾವಿರುವುದು ಅಮೆರಿಕದ ಡೆನ್ವರ್‌ನಲ್ಲಿ. ಇಲ್ಲಿನ ಅತ್ಯುತ್ತಮ ದರ್ಜೆಯಾದ ಪ್ರೈಮ್ ದನದ ಮಾಂಸ ನಮ್ಮ ಕೈಗೆಟಕುವುದಿಲ್ಲ. ರಿಯಾಯಿತಿ ಬಂದ ವಾರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಚಾಯ್ಸ್ ದರ್ಜೆಯ ಸ್ಟ್ರಿಪ್, ಅಂದರೆ ಬೆನ್ನಿನ ಭಾಗದ ಸ್ಟೇಕ್ ತುಂಡು, ತರುತ್ತೇನೆ, ಒಂದೂವರೆ ಇಂಚಿಗಿಂತ ತೆಳುವಾದದ್ದನ್ನು ಮುಟ್ಟುವುದಿಲ್ಲ. ಶುಕ್ರವಾರ ರಾತ್ರಿ ಎರಡೂ ಬದಿಗೆ ಉಪ್ಪು ಸವರಿ, ಜಾಲರಿಯ ಮೇಲೆ ಮುಚ್ಚದೆ ಫ್ರಿಜ್ಜಿನಲ್ಲಿಡುತ್ತೇನೆ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಬಳಿಕ ಆ ಉಪ್ಪುನೀರೇ ಒಳಗೆ ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೇಲ್ಮೈ ಒಣಗಿ ಕಡುಗೆಂಪಾಗಿರುತ್ತದೆ. ಒದ್ದೆ ಮಾಂಸ ಬಾಣಲೆಯಲ್ಲಿ ಹಬೆಯಾಡುತ್ತದೆ, ಕಂದು ಹೊರಪದರ ಕಟ್ಟುವುದಿಲ್ಲ.

ಶನಿವಾರ ಸಂಜೆ ಓವನ್ 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 120 ಸೆಲ್ಸಿಯಸ್‌ನಲ್ಲಿ ಕಾದಿರುತ್ತದೆ. ಕಡ್ಡಿಯನ್ನು ಪಕ್ಕದಿಂದ ಚುಚ್ಚಬೇಕು. ಮೊನೆ ನಟ್ಟನಡುವೆ ನಿಲ್ಲಬೇಕು, ಕೊಬ್ಬಿನ ಗೆರೆಗೆ ತಾಗಬಾರದು. ಆಮೇಲೆ ಅಂಕಿ ಏರುವುದನ್ನು ನೋಡುವುದೇ ಒಂದು ಸುಖ. ಮೊದಲು ತೆವಳುತ್ತದೆ, 30 ಸೆಲ್ಸಿಯಸ್ ದಾಟಿದ ಮೇಲೆ ನಿಶ್ಚಿಂತೆಯಿಂದ ನಡೆಯುತ್ತದೆ. ನಾನು ಅಷ್ಟರಲ್ಲಿ ಆಲೂಗಡ್ಡೆ ಹುರಿಯುತ್ತೇನೆ, ಸೊಪ್ಪು ಹೆಚ್ಚುತ್ತೇನೆ, ಮತ್ತೆ ಬಂದು ನೋಡುತ್ತೇನೆ. 48ಕ್ಕೆ ನನ್ನ ತುಂಡು ಹೊರಗೆ ಬರುತ್ತದೆ. ಎರಕದ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಕಾದ ತುಪ್ಪಕ್ಕೆ ಹಾಕಿ ಬದಿಗೊಂದು ನಿಮಿಷ ಸುಟ್ಟರೆ 54ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಣ್ಣೆಯಲ್ಲಿರುವ ಹಾಲಿನಂಶ ಆ ಕಾವಿಗೆ ಕರಕಲಾಗುತ್ತದೆ, ತುಪ್ಪ ತಾಳುತ್ತದೆ. ಕೊಯ್ದರೆ ಅಂಚಿನಿಂದ ಅಂಚಿಗೆ ಒಂದೇ ಗುಲಾಬಿ ಬಣ್ಣ. ಇಲ್ಲಿನ ಕೃಷಿ ಇಲಾಖೆಯ ಸಲಹೆ 63 ಡಿಗ್ರಿ ಮತ್ತು ಮೂರು ನಿಮಿಷದ ವಿರಾಮ. ಹೆಂಡತಿ, ಮಕ್ಕಳ ತುಂಡುಗಳು ಅಲ್ಲಿಯವರೆಗೂ ಹೋಗುತ್ತವೆ. ಯಾರ ತುಂಡು ಎಲ್ಲಿ ನಿಲ್ಲಬೇಕು ಎಂಬ ಜಗಳ ನಮ್ಮ ಮನೆಯಲ್ಲಿ ಮುಗಿದಿದೆ.

ಆದರೆ ಆ ತಂತಿ! ತೊಳೆದರೆ ಕಡ್ಡಿಗೆ ಸೇರುವ ಜಾಗದಲ್ಲಿ ಅದರೊಳಗೆ ನೀರು ನುಗ್ಗುತ್ತದೆ. ಅತಿಥಿಗಳು ಮೇಜಿಗೆ ಕುಳಿತಿದ್ದ ಸಂಜೆ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮಾಂಸಕ್ಕೆ ಅದು 90 ಡಿಗ್ರಿ ತೋರಿಸಿ ಕೂಗಿಕೊಂಡಿತು. ತಯಾರಕರಿಗೆ ಬರೆದರೆ, ನೀರು ಸೇರಿದ್ದಕ್ಕೆ ವಾರಂಟಿ ಇಲ್ಲವೆಂಬ ಉತ್ತರ. ಹಸಿ ಮಾಂಸಕ್ಕೆ ಚುಚ್ಚುವ ವಸ್ತುವನ್ನು ತೊಳೆಯಬಾರದೆಂದರೆ ಏನರ್ಥ? ಹೊಸ ಕಡ್ಡಿ-ತಂತಿಯ ಬೆಲೆ ಇಡೀ ಉಪಕರಣದ ಹೆಚ್ಚುಕಡಿಮೆ ಅರ್ಧ.

ಕೈಪಿಡಿಯ ಮೇಲೂ ನನಗೆ ಸಿಟ್ಟಿದೆ. ಕುದಿಯುವ ನೀರಿನಲ್ಲಿ ಪರೀಕ್ಷಿಸಿ, 100 ಬರದಿದ್ದರೆ ದೋಷವಿದೆ ಎನ್ನುತ್ತದೆ. ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿರುವ ಈ ಊರಿನಲ್ಲಿ ನೀರು ಕುದಿಯುವುದೇ 95ರ ಹತ್ತಿರ. ಬೆಂಗಳೂರಿನಲ್ಲಿ ಸುಮಾರು 97. ಸರಿಯಿರುವ ಕಡ್ಡಿಯನ್ನೇ ಜನ ಕಸಕ್ಕೆ ಎಸೆಯುವಂತೆ ಮಾಡುವ ಸೂಚನೆ ಇದು. ಲೋಟದ ತುಂಬ ಪುಡಿ ಮಂಜುಗಡ್ಡೆ ಹಾಕಿ, ಸ್ವಲ್ಪ ನೀರು ಸುರಿದು, ಕಲಕಿ ನೋಡಿ. ಎಲ್ಲಿದ್ದರೂ ಸೊನ್ನೆ ಬರಬೇಕು.

ಎರಡನೆಯ ತಂತಿಯನ್ನು ನಲ್ಲಿಯ ಬಳಿಗೇ ಒಯ್ಯುವುದಿಲ್ಲ. ಸಾಬೂನು ನೀರಿನ ಬಟ್ಟೆಯಿಂದ ಕಡ್ಡಿಯನ್ನು ಮಾತ್ರ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಸುತ್ತದೆ ಮೊಳೆಗೆ ತೂಗುಹಾಕುತ್ತೇನೆ. ಇದುವರೆಗೆ ಸುಳ್ಳು ಹೇಳಿಲ್ಲ. ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಮೊಸರು: ಕಾಸಿದ ಹಾಲು 43ಕ್ಕೆ ಇಳಿದಾಗ ಹೆಪ್ಪು ಹಾಕಿ, ದೀಪ ಮಾತ್ರ ಉರಿಯುವ ಓವನ್ನಿನಲ್ಲಿಟ್ಟರೆ ಡೆನ್ವರ್‌ನ ಜನವರಿಯಲ್ಲೂ ಗಟ್ಟಿಯಾಗಿ ಕೂರುತ್ತದೆ.

ತೆಳು ಸ್ಟೇಕ್ ತಿನ್ನುವವರು ಇದಕ್ಕೆ ಹಣ ಹಾಕಬೇಡಿ, ಅದು ಬಾಣಲೆಯಲ್ಲೇ ಮುಗಿಯುವ ಕೆಲಸ. ದಪ್ಪ ತುಂಡು ತರುವವರು ತಂತಿ ಪ್ರತ್ಯೇಕವಾಗಿ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂದು ನೋಡಿಯೇ ಕೊಳ್ಳಿ.