ಮುಳ್ಳಿನ ದಾರಿಗೆ ಯಾವುದು ಸರಿ: ಸಾದಾ ಟ್ಯೂಬ್, ಸೀಲೆಂಟ್ ಹಾಕಿದ ಟ್ಯೂಬ್, ಟ್ಯೂಬ್‌ಲೆಸ್

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ ಟೈರಿನ ವಿಷಯದಲ್ಲಿ ನನ್ನ ಓಟು ಟ್ಯೂಬ್‌ಲೆಸ್‌ಗೆ. ಅದರಲ್ಲೂ ದಪ್ಪ ಮೂತಿಯ ವಾಲ್ವ್ (ಗಾಳಿ ತುಂಬುವ ನಳಿಗೆ) ಇರುವ ಟ್ಯೂಬ್‌ಲೆಸ್‌ಗೆ. ಆ ಮೂತಿ ವಿಷಯಕ್ಕೇ ಈ ಬರಹದಲ್ಲಿ ಜಾಸ್ತಿ ಜಾಗ ಹೋಗುತ್ತದೆ, ಯಾಕಂದರೆ ಅದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ.

ನಾನು ಎಂಟಿಬಿ, ಅಂದರೆ ಮೌಂಟನ್ ಸೈಕಲ್, ಓಡಿಸುವುದು ಚಿಕ್ಕಬಳ್ಳಾಪುರದ ಸುತ್ತಮುತ್ತ. ನಂದಿ ಬೆಟ್ಟದ ಬುಡ, ಮುದ್ದೇನಹಳ್ಳಿ ಕಡೆಯ ಮಣ್ಣು ದಾರಿ, ಪೆರೇಸಂದ್ರ ದಾಟಿ ಆವಲಬೆಟ್ಟದ ಕಡೆ ಹೋಗುವಾಗ ಸಿಗುವ ಕೆರೆ ಏರಿಗಳು. ಸಸ್ಪೆನ್ಷನ್ ಎಷ್ಟಿದೆ, ಗೇರ್ ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಸವಾರಿ ಕೆಡಿಸುವುದು ಅದ್ಯಾವುದೂ ಅಲ್ಲ, ಮುಳ್ಳು. ಎರಡು ಥರದ್ದು. ಒಂದು ಬಳ್ಳಾರಿ ಜಾಲಿ. ಒಣಗಿದ ಕೆರೆ ಅಂಗಳದ ತುಂಬಾ ಅದೇ, ಹೊಲದ ಬೇಲಿಗೂ ಅದನ್ನೇ ಕಡಿದು ಹಾಕಿರುತ್ತಾರೆ, ಆಮೇಲೆ ಒಣ ಕೊಂಬೆ ಗಾಳಿಗೆ ದಾರಿಗೆ ಬಂದು ಬೀಳುತ್ತದೆ. ಇನ್ನೊಂದು ನೆಗ್ಗಿಲು. ನೆಲಕ್ಕಂಟಿದ ಬಳ್ಳಿ, ಹಳದಿ ಹೂವು, ನೋಡೋಕೆ ಏನೂ ಅಲ್ಲ. ಅದರ ಒಣಗಿದ ಕಾಯಿ ಒಡೆದು ಚೂರಾಗುತ್ತದೆ. ಒಂದು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಹೇಗೆ ಹಾಕಿದರೂ ಒಂದಾದರೂ ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಟೈರ್ ಹತ್ತಿತೋ, ಕಚ್ಚಿತು.

ಸಾದಾ ಟ್ಯೂಬ್ ಅಗ್ಗ. ನನಗೆ ಸಿಗುವುದು 300 ರೂಪಾಯಿ ಆಸುಪಾಸಿನಲ್ಲಿ. ಯಾವ ಊರಿನಲ್ಲಾದರೂ ಪ್ಯಾಚ್ ಹಾಕಿಸಬಹುದು. ಟಾರ್ ರಸ್ತೆಯಲ್ಲೇ ನಂದಿ ಹತ್ತಿ ಇಳಿಯುವವರಿಗೆ ಇಷ್ಟು ಸಾಕು, ಖರ್ಚು ಮಾಡಬೇಡಿ. ಆದರೆ ಕೆರೆ ಏರಿ ಮೇಲೆ ಒಂದೇ ಗಾಲಿಯಲ್ಲಿ ಮೂರ್ನಾಲ್ಕು ನೆಗ್ಗಿಲು ಕಚ್ಚಿದರೆ ಬಕೆಟ್ ನೀರಿಲ್ಲದೆ ಎಲ್ಲಾ ತೂತು ಹುಡುಕೋದು ಹೇಗೆ? ಒಂದಕ್ಕೆ ಪ್ಯಾಚ್ ಹಾಕಿ ಗಾಳಿ ತುಂಬಿದರೆ ಇನ್ನೊಂದು ಕಡೆ ಬುಸ್ ಅನ್ನುತ್ತದೆ.

ಇನ್ನೊಂದು ತೊಂದರೆ ಪ್ರೆಷರ್‌ದು. ಟ್ಯೂಬ್ ಇದ್ದಾಗ ಗಾಳಿ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಜೋಡಿ ತೂತಾಗುತ್ತದೆ. ಅದಕ್ಕೆ ಹೆದರಿ ಜನ 50 ಪಿಎಸ್‌ಐ ತುಂಬಿಕೊಂಡು ಬರುತ್ತಾರೆ. ಇದು ನನಗೆ ನಿಜಕ್ಕೂ ಕೋಪ ಬರಿಸುವ ಅಭ್ಯಾಸ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನೇ ಸರಿಯಾದ ಅಂಕಿ ಅಂದುಕೊಂಡು, ಉರುಟು ಕಲ್ಲಿನ ಇಳಿಜಾರಿನಲ್ಲಿ ಕುಣಿದು ಕುಣಿದು ಹಿಡಿತ ತಪ್ಪಿ ಬಿದ್ದು, ಆಮೇಲೆ ಟೈರ್ ಸರಿಯಿಲ್ಲ ಅಂತ ಹೊಸದು ಕೊಳ್ಳೋಕೆ ಹೊರಡುತ್ತಾರೆ. ಗಾಳಿ ಇಳಿಸಿ ನೋಡಿ ಅಂದರೆ ಕೇಳುವುದಿಲ್ಲ.

ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಹಾಕಿದ ಟ್ಯೂಬ್ ಮಧ್ಯದ ದಾರಿ. ದಪ್ಪ ಮೂತಿಯ ಟ್ಯೂಬಿನ ವಾಲ್ ಪಿನ್ (ವಾಲ್ವ್ ಒಳಗೆ ಗಾಳಿ ತಡೆಯುವ ಪಿನ್) ಬಿಚ್ಚಿ, ದ್ರವ ಸುರಿದು, ಪಿನ್ ಹಾಕಿದರೆ ಮುಗಿಯಿತು. ಸಣ್ಣ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಕಲ್ಲೇಟಿನ ಜೋಡಿ ತೂತು ಮುಚ್ಚುವುದಿಲ್ಲ. ಆಗ ಪ್ಯಾಚ್ ಹಾಕೋಣ ಅಂದರೆ ಒಳಗಿನ ದ್ರವ ಒಸರಿ ಸಲ್ಯೂಷನ್ ಹಿಡಿಯುವುದಿಲ್ಲ, ಟ್ಯೂಬ್ ಎಸೆಯಬೇಕು. ಗಾಲಿ ಭಾರ ಅನ್ನುವವರಿದ್ದಾರೆ. ನನಗೆ ಗೊತ್ತಾಗಲಿಲ್ಲ.

ಇನ್ನು ಟ್ಯೂಬ್‌ಲೆಸ್. ಮಾವಿಕ್ ಕಂಪನಿ ಯುಎಸ್‌ಟಿ ಅನ್ನುವ ಹೆಸರಿನಲ್ಲಿ 1999ರಲ್ಲೇ ಎಂಟಿಬಿಗೆ ಇದನ್ನು ತಂದಿತ್ತು, ಹೊಸ ಫ್ಯಾಷನ್ ಏನಲ್ಲ. ರಿಮ್ಮಿಗೆ ಟೇಪ್, ವಾಲ್ವ್, ಒಳಗೆ ಲೇಟೆಕ್ಸ್ ದ್ರವ. ಮುಳ್ಳು ಚುಚ್ಚಿದರೆ ಆ ಜಾಗದಲ್ಲಿ ಬಿಳಿ ಹನಿ ಕಾಣುತ್ತದೆ, ಗಾಲಿ ಒಂದೆರಡು ಸುತ್ತು ಸುತ್ತುವಷ್ಟರಲ್ಲಿ ನಿಲ್ಲುತ್ತದೆ. ನಾನು ಹಿಂದೆ 26, ಮುಂದೆ 23 ಪಿಎಸ್‌ಐ ಇಟ್ಟು ಓಡಿಸುತ್ತೇನೆ. ಸಡಿಲ ಜಲ್ಲಿಯ ಮೇಲೆ ಟೈರ್ ನೆಲ ಹಿಡಿಯುವುದು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಈಗ ತಕರಾರಿಗೆ ಬರೋಣ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನನ್ನ ಗಾಲಿಯನ್ನು ಟ್ಯೂಬ್‌ಲೆಸ್ ಮಾಡಿಕೊಟ್ಟರು. ರಿಮ್ಮಿನಲ್ಲಿ ವಾಲ್ವ್ ಕೂರುವ ತೂತು 8 ಮಿ.ಮೀ., ಅಂದರೆ ಬೈಕು ಕಾರುಗಳಿಗೆ ಇರುವಂಥ ದಪ್ಪ ಮೂತಿಯದ್ದು, ಶ್ರೇಡರ್ ಅನ್ನುತ್ತಾರೆ. ಅವರು ಹಾಕಿದ್ದು ಮಾತ್ರ ಸಣ್ಣ ಮೂತಿಯ ಪ್ರೆಸ್ಟಾ, ಮಧ್ಯೆ ಒಂದು ರಬ್ಬರ್ ಬುಷ್ ಕೊಟ್ಟು. ಇದೇ ಸಾರ್ ಈಗ ಎಲ್ಲರೂ ಹಾಕೋದು ಅಂದರು.

ಪೆರೇಸಂದ್ರದ ಆಚೆ ಹಿಂದಿನ ಗಾಲಿ ಬಂಡೆಗೆ ಅಡ್ಡಡ್ಡ ತಾಗಿ ಟೈರಿನ ಅಂಚು ರಿಮ್ಮಿನಿಂದ ಜಾರಿತು, ಗಾಳಿಯೆಲ್ಲ ಒಂದೇ ಸಲ ಖಾಲಿ. ಜಾರಿದ ಅಂಚು ಮತ್ತೆ ಕೂರಬೇಕಾದರೆ ಗಾಳಿ ರಭಸವಾಗಿ ಒಳಗೆ ನುಗ್ಗಬೇಕು. ಕೈಪಂಪಿನಲ್ಲಿ ಎಷ್ಟು ಒತ್ತಿದರೂ ಈ ಕಡೆ ಹೋದದ್ದು ಆ ಕಡೆ ಸೋರುತ್ತದೆ. ಸೈಕಲ್ ತಳ್ಳಿಕೊಂಡು ಹೈವೇ ಪಕ್ಕದ ಪಂಕ್ಚರ್ ಅಂಗಡಿಗೆ ಬಂದೆ. ಕಂಪ್ರೆಸರ್ ಇತ್ತು. ಅಣ್ಣ ಪೈಪ್ ತಂದು ನೋಡಿ, “ಇದ್ಕೆ ನಮ್ ಪೈಪ್ ಕೂರಲ್ಲ ಸಾರ್” ಅಂದ.

ಸಣ್ಣ ಮೂತಿಗೆ ದಪ್ಪ ಮೂತಿಯ ಪೈಪ್ ಕೂರಿಸುವ ಹಿತ್ತಾಳೆ ಅಡಾಪ್ಟರ್ ನನ್ನ ಹತ್ತಿರ ಇತ್ತು. ತೊಂದರೆ ಏನೆಂದರೆ, ರಭಸ ಬೇಕಾದರೆ ವಾಲ್ ಪಿನ್ ಬಿಚ್ಚಬೇಕು. ಪಿನ್ ಬಿಚ್ಚಬಹುದಾದ ಪ್ರೆಸ್ಟಾದಲ್ಲಿ ಅಡಾಪ್ಟರ್ ತಿರುಗಿಸಿ ಕೂರಿಸುವ ತಿರುಪಿನ ಗೆರೆ ಇರುವುದೇ ಆ ಪಿನ್ನಿನ ಮೇಲೆ. ಪಿನ್ ತೆಗೆದರೆ ಅಡಾಪ್ಟರ್ ಕೂರಲ್ಲ, ಪಿನ್ ಬಿಟ್ಟರೆ ಗಾಳಿ ಕಡ್ಡಿ ಗಾತ್ರದಲ್ಲಿ ಹೋಗುತ್ತದೆ. ಸೋಪು ನೀರು ಬಳಿದೆವು, ಟೈರಿನ ಸುತ್ತ ಹಗ್ಗ ಬಿಗಿದು ನೋಡಿದೆವು, ಆಗಲಿಲ್ಲ.

ಕೊನೆಗೆ ಬ್ಯಾಗಿನಲ್ಲಿದ್ದ ಟ್ಯೂಬ್ ಹಾಕೋಣ ಅಂತ ಟೈರ್ ತೆರೆದು ಒಳಗೆ ಕೈಯಾಡಿಸಿದರೆ ಅಂಟು ಅಂಟು ದ್ರವದ ನಡುವೆ ಮುಳ್ಳಿನ ತುದಿಗಳು ಸಾಲಾಗಿ ಚುಚ್ಚಿದವು. ಸೀಲೆಂಟ್ ಮುಚ್ಚಿದ್ದು ತೂತನ್ನು, ಮುಳ್ಳು ಅಲ್ಲೇ ಇತ್ತು. ಹಾಗೇ ಟ್ಯೂಬ್ ಹಾಕಿದ್ದರೆ ಅದೂ ಹತ್ತು ಮಾರು ಹೋಗುತ್ತಿರಲಿಲ್ಲ. ಅಂಗಡಿಯ ಅಣ್ಣ ಕಟಿಂಗ್ ಪ್ಲೇಯರ್ ತಂದು ಹೊರಗಿನಿಂದ ಒಂದೊಂದೇ ಕಿತ್ತ. ತುದಿ ಮುರಿದು ರಬ್ಬರಿನೊಳಗೇ ಉಳಿದಿದ್ದವನ್ನು ಒಳಗಿನಿಂದ ಉಗುರಿನಲ್ಲಿ ಕೆದಕಿ ತೆಗೆಯಬೇಕಾಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಅಷ್ಟು ಹೊತ್ತು ಕೂತಿದ್ದಕ್ಕೆ ಅವನು ಕೇಳಿದ್ದು ತೀರಾ ಕಡಿಮೆ, ನಾನೇ ಒತ್ತಾಯ ಮಾಡಿ ಜಾಸ್ತಿ ಕೊಟ್ಟೆ.

ಆಮೇಲೆ ದಪ್ಪ ಮೂತಿಯ ಟ್ಯೂಬ್‌ಲೆಸ್ ವಾಲ್ವ್ ಹುಡುಕಿ ತರಿಸಿದೆ. ಸಿಗುತ್ತದೆ, ಸ್ವಲ್ಪ ಕಾಯಬೇಕು. ಈಗ ಟೈರ್ ಬದಲಿಸುವಾಗ ಪಿನ್ ಬಿಚ್ಚಿ ಅದೇ ಅಂಗಡಿಯ ಪೈಪ್ ನೇರ ಒತ್ತಿದರೆ ಟಪ್ ಟಪ್ ಅಂತ ಅಂಚು ಕೂರುತ್ತದೆ. ಪೈಪ್ ತೆಗೆದಾಗ ಗಾಳಿ ಹೋದರೂ ಅಂಚು ಕೂತಲ್ಲೇ ಇರುತ್ತದೆ. ಆಗ ಸಿರಿಂಜಿನಲ್ಲಿ ದ್ರವ ಬಿಟ್ಟು, ಪಿನ್ ಹಾಕಿ, ಗಾಳಿ ತುಂಬಿ. ನನ್ನ 2.25 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಹಾಕುತ್ತೇನೆ. ಮುಳ್ಳಿನ ಊರಲ್ಲವೇ, ಜಿಪುಣತನ ಬೇಡ.

ದ್ರವ ಒಣಗುತ್ತದೆ, ಬೇಸಿಗೆಯಲ್ಲಿ ಬೇಗ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಿಗೊಮ್ಮೆ ಮೇಲೆ ಸುರಿಯಬೇಕು. ಗಾಲಿ ಅಲ್ಲಾಡಿಸಿದಾಗ ಕುಲುಕುವ ಸದ್ದು ಇಲ್ಲ ಅಂದರೆ ಸುರಿಯಿರಿ.

ನನಗೆ ಟೇಪ್, ವಾಲ್ವ್, ದ್ರವ ಸೇರಿ ಸುಮಾರು 3,500 ರೂಪಾಯಿ ಬಿತ್ತು, ರಿಮ್ ಮೊದಲೇ ಟ್ಯೂಬ್‌ಲೆಸ್‌ಗೆ ಹೊಂದುವಂಥದ್ದಾದ್ದರಿಂದ. ಪ್ರತಿ ಭಾನುವಾರ ಮಣ್ಣಿಗಿಳಿಯುವ ನನಗೆ ಅದು ಜಾಸ್ತಿ ಅನ್ನಿಸಲಿಲ್ಲ. ರಿಮ್ಮೇ ಬದಲಿಸಬೇಕು ಅಂದರೆ ಲೆಕ್ಕ ಬೇರೆ. ಆಗ ಸೀಲೆಂಟ್ ಹಾಕಿದ ಟ್ಯೂಬಿನಲ್ಲೇ ಇರಿ, 32 ಪಿಎಸ್‌ಐ ಆಸುಪಾಸಿನಲ್ಲಿ ಗಾಳಿ ಇಟ್ಟುಕೊಳ್ಳಿ, ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ಕೊಳ್ಳಿ.

ವಾಲ್ವ್ ಕೊಳ್ಳುವ ಮುಂಚೆ ರಿಮ್ಮಿನ ತೂತು ಅಳೆಯಿರಿ. 8 ಮಿ.ಮೀ. ಇದ್ದರೆ ಅಂಗಡಿಯವರು ಏನೇ ಅಂದರೂ ದಪ್ಪ ಮೂತಿಯನ್ನೇ ಕೇಳಿ. 6 ಇದ್ದರೆ ರಿಮ್ ಕೊರೆಸಬೇಡಿ, ಸಣ್ಣ ಮೂತಿಯಲ್ಲೇ ಇರಿ, ಆದರೆ ಬ್ಯಾಗಿನಲ್ಲಿ ಒಂದು ಟ್ಯೂಬು ಮತ್ತು ಮುಳ್ಳು ಕೀಳೋಕೆ ಒಂದು ಚಿಮಟ ಇರಲಿ.